ಬಾಹುಕನ ಅಡುಗೆ ಮತ್ತು ಯಂತ್ರದ ಊಟ

ವಿಜ್ಞಾನ ಕಥೆಗಳನ್ನು ಓದುವ, ಅಂಥ ಧಾರಾವಾಹಿಗಳನ್ನು ನೋಡುವ ಅಭ್ಯಾಸವುಳ್ಳವರಿಗೆಲ್ಲ ಒಂದು ಯಂತ್ರ ಚೆನ್ನಾಗಿ ಪರಿಚಿತ. ಅದು ಗೋಡೆಯೊಳಗಿನ ಒಂದು ಗೂಡು. ಅದರ ಮುಂದೆ ನಿಂತು ಬೇಕಾದ ತಿನಿಸಿನ ಹೆಸರು ಹೇಳಿದರೆ ಸಾಕು; ಒಲೆಯಿಲ್ಲ, ಹೊಗೆಯಿಲ್ಲ, ಹೆಚ್ಚುವ ಕೆಲಸವಿಲ್ಲ, ತೊಳೆಯುವ ಕೆಲಸವಿಲ್ಲ, ಕ್ಷಣಮಾತ್ರದಲ್ಲಿ ಊಟವು ತಟ್ಟೆಯ ಸಮೇತ ಪ್ರತ್ಯಕ್ಷವಾಗುತ್ತದೆ. ಈ ಊಟ ಮನೆಯ ಅಡುಗೆಗೆ ಸಮನಾಗಬಲ್ಲುದೇ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ 'ಎಲ್ಲಾದರೂ ಉಂಟೇ? ಅಮ್ಮನ ಕೈಯಡುಗೆಗೆ ಸಮ ಯಾವುದು?' ಎಂಬ ಉತ್ತರ ತಟ್ಟನೆ ಬರುತ್ತದೆ. ಉತ್ತರ ಸರಿಯಿದ್ದೀತು. ಆದರೆ ಮೂರು ದಶಕ ಉತ್ತರಪತ್ರಿಕೆ ತಿದ್ದಿದ ನನ್ನಂಥವನಿಗೆ, ಬರಿಯ ಉತ್ತರ ಬರೆದವನ ಹಾಳೆಯ ಅಂಚಿನಲ್ಲಿ 'ಕಾರಣ ಕೊಡು' ಎಂದು ಕೆಂಪು ಶಾಯಿಯಲ್ಲಿ ಬರೆಯದೆ ಮುಂದೆ ಹೋಗುವುದು ಕಷ್ಟ. ಕಾರಣವನ್ನು ಹುಡುಕುತ್ತ ಹೊರಟರೆ ಕಥೆಗಿಂತ ಇತಿಹಾಸವೇ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಏಕೆಂದರೆ ಯಂತ್ರದ ಊಟವೆಂಬುದು ಬರಿಯ ಕಲ್ಪನೆಯಾಗಿ ಉಳಿದಿಲ್ಲ. ಅದನ್ನು ನಿಜವಾಗಿಯೂ ಮಾಡಲು ನೂರೈವತ್ತು ವರ್ಷಗಳಿಂದ ಪ್ರಯತ್ನ ನಡೆದಿದೆ. ಅದರಲ್ಲಿ ಒಂದು ಅಧ್ಯಾಯ ನಮ್ಮ ಮೈಸೂರಿನಲ್ಲಿಯೇ ನಡೆಯಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಮತ್ತು ಅವನ ಸಮಕಾಲೀನರು ಆಹಾರವನ್ನು ಬಿಡಿಸಿ ನೋಡಿದರು. ಶರೀರ ಕಟ್ಟುವ ಸಾರಜನಕಯುಕ್ತ ಪದಾರ್ಥ, ಶಾಖ ಕೊಡುವ ಪಿಷ್ಟ ಮತ್ತು ಸಕ್ಕರೆ, ಕೊಬ್ಬು, ಒಂದಿಷ್ಟು ಲವಣ, ನೀರು; ಆಹಾರವೆಂದರೆ ಇಷ್ಟೇ ಎಂದು ಪಟ್ಟಿ ಸಿದ್ಧವಾಯಿತು. ಪಟ್ಟಿ ಸಿಕ್ಕಮೇಲೆ ಹಸು ಏಕೆ, ಹೊಲ ಏಕೆ? ಲೀಬಿಗ್‌ನ ಹೆಸರಿನಲ್ಲಿ 1865ರಲ್ಲಿ ಒಂದು ಕಂಪನಿಯೇ ಹುಟ್ಟಿತು. ದಕ್ಷಿಣ ಅಮೆರಿಕದ ಉರುಗ್ವೆಯ ಫ್ರೇ ಬೆಂಟೋಸ್ ಎಂಬಲ್ಲಿ ದನದ ಮಾಂಸವನ್ನು ಬೇಯಿಸಿ ಇಂಗಿಸಿ, ಅದರ ಗಟ್ಟಿ ಸಾರವನ್ನು ಜಾಡಿಗಳಲ್ಲಿ ತುಂಬಿ ಯೂರೋಪಿಗೆ ಮಾರಿತು. ಆ ಸಾರದಲ್ಲಿ ರುಚಿ ಇತ್ತು, ಪುಷ್ಟಿ ಹೆಚ್ಚೇನೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇದೇ ಲೀಬಿಗ್ ಗೋಧಿ ಹಿಟ್ಟು, ಮೊಳಕೆ ಬಾರ್ಲಿ, ಹಸುವಿನ ಹಾಲು, ಒಂದು ಚಿಟಿಕೆ ಕ್ಷಾರ ಸೇರಿಸಿ ತಾಯಿಯ ಹಾಲಿಗೆ ಬದಲಿಯನ್ನೂ ತಯಾರಿಸಿದ್ದನು.

ಪಟ್ಟಿಯ ಪರೀಕ್ಷೆ ಬೇಗನೆ ಬಂದಿತು, ಅದೂ ಕ್ರೂರವಾಗಿ. 1870ರ ಸೆಪ್ಟೆಂಬರಿನಿಂದ 1871ರ ಜನವರಿಯವರೆಗೆ ಜರ್ಮನ್ ಸೇನೆ ಪ್ಯಾರಿಸ್ ನಗರವನ್ನು ಸುತ್ತುಗಟ್ಟಿತು. ಹಾಲು ಬರುವ ದಾರಿ ಮುಚ್ಚಿತು. ಎಳೆಯ ಮಕ್ಕಳಿಗಾಗಿ ಕೊಬ್ಬು, ಸಕ್ಕರೆ, ಲೋಳೆ ಪದಾರ್ಥಗಳನ್ನು ಕಲೆಸಿ ಕೃತಕ ಹಾಲು ಮಾಡಲು ಯತ್ನಿಸಿದರು. ಅದು ಹಾಲಿನ ಕೆಲಸ ಮಾಡಲಿಲ್ಲ. ಫ್ರಾನ್ಸಿನ ಹಿರಿಯ ರಸಾಯನಶಾಸ್ತ್ರಜ್ಞ ಡ್ಯೂಮಾ 1871ರಲ್ಲಿ ಈ ಅನುಭವವನ್ನು ಬರೆದಿಟ್ಟು, ಹಾಲಿನಲ್ಲಿರುವುದೆಲ್ಲ ನಮಗೆ ತಿಳಿದಿದೆ ಎಂದು ಯಾವ ರಸಾಯನಶಾಸ್ತ್ರಜ್ಞನೂ ಹೇಳಿಕೊಳ್ಳುವಂತಿಲ್ಲವೆಂಬ ಎಚ್ಚರಿಕೆ ಕೊಟ್ಟನು. ಅವನಂಥ ದೊಡ್ಡ ವಿದ್ವಾಂಸನ ಈ ಮಾತು ನನಗೆ ಇಡೀ ಕಥೆಯಲ್ಲೇ ಅತ್ಯಂತ ಗೌರವದ ಸಂಗತಿಯಾಗಿ ತೋರುತ್ತದೆ. ಹತ್ತು ವರ್ಷದ ಮೇಲೆ, 1881ರಲ್ಲಿ, ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಲೂನಿನ್ ಎಂಬ ತರುಣನು ಇಲಿಗಳ ಮೇಲೆ ಅದನ್ನೇ ಪರೀಕ್ಷಿಸಿದನು. ಒಂದು ಗುಂಪಿಗೆ ಹಾಲು ಕೊಟ್ಟನು. ಮತ್ತೊಂದಕ್ಕೆ ಹಾಲಿನಲ್ಲಿದ್ದವೆಂದು ಗೊತ್ತಿದ್ದ ಅಂಶಗಳನ್ನೆಲ್ಲ ಶುದ್ಧಮಾಡಿ ಕೂಡಿಸಿ ಕೊಟ್ಟನು. ಹಾಲು ಕುಡಿದ ಇಲಿಗಳು ಬದುಕಿದವು. ಪಟ್ಟಿ ತಿಂದ ಇಲಿಗಳು ಸತ್ತವು.

ಅಷ್ಟರಲ್ಲಿ ಪೂರ್ವದೇಶಗಳಲ್ಲಿ ಇನ್ನೊಂದು ಯಂತ್ರ ಬಂದಿತ್ತು. ಅಕ್ಕಿಯ ತೌಡನ್ನೆಲ್ಲ ತೆಗೆದು ಮಲ್ಲಿಗೆಯಂತೆ ಬೆಳ್ಳಗೆ ಮಾಡುವ ಗಿರಣಿ ಅದು. ಬೆರಿಬೆರಿ ರೋಗ ಊರೂರು ಹಬ್ಬಿತು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, 1890ರ ದಶಕದಲ್ಲಿ, ಪಾಲಿಷ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡಿರುವ ಅಕ್ಕಿ ತಿಂದರೆ ಅವು ಎದ್ದು ಓಡಾಡುವುದನ್ನೂ ಕಂಡನು. 1912ರಲ್ಲಿ ಇಂಗ್ಲೆಂಡಿನ ಹಾಪ್‌ಕಿನ್ಸ್ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಪೋಲೆಂಡಿನ ಫುಂಕ್ 'ವಿಟಮಿನ್' ಎಂಬ ಹೆಸರನ್ನು ಕೊಟ್ಟನು. ಅದೇ ವರ್ಷ ಫ್ರಾನ್ಸಿನ ಮೈಯಾರ್ ಎಂಬವನು ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದುಬಣ್ಣಕ್ಕೆ ತಿರುಗುವ ಕ್ರಿಯೆಯನ್ನು ವಿವರಿಸಿದನು. ದೋಸೆ ಕೆಂಪಗೆ ಗರಿಗರಿಯಾಗುವುದು, ಕಾಫಿ ಬೀಜ ಹುರಿದಾಗ ಬೀದಿಯೆಲ್ಲ ಘಮಘಮಿಸುವುದು ಈ ಕ್ರಿಯೆಯಿಂದ. ಪುಷ್ಟಿಯ ಗುಟ್ಟು, ರುಚಿಯ ಗುಟ್ಟು ಎರಡೂ ಒಂದೇ ವರ್ಷದಲ್ಲಿ ಬಾಗಿಲು ತೆರೆದದ್ದು ಕಾಕತಾಳೀಯವೇ ಇರಬೇಕು. ಇತಿಹಾಸ ಕಲಿಸುವವನಿಗೆ ಮಾತ್ರ ಇಂಥ ಕಾಕತಾಳೀಯ ಸಿಕ್ಕರೆ ಹಬ್ಬ. ಇಸವಿ ನೆನಪಿಡಲು ಮಕ್ಕಳಿಗೆ ಸುಲಭ.

ಈಗ ಈ ಕಾಲಾನುಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಕಲ್ಪನೆಯ ಕಡೆಗೆ ಬರೋಣ. 1894ರ ಏಪ್ರಿಲಿನಲ್ಲಿ ಫ್ರಾನ್ಸಿನ ಮಹಾ ರಸಾಯನಶಾಸ್ತ್ರಜ್ಞ ಬರ್ತೆಲೋ, ರಾಸಾಯನಿಕ ಕಾರ್ಖಾನೆಗಳ ಒಡೆಯರ ಸಂಘದ ಔತಣಕೂಟದಲ್ಲಿ ಕ್ರಿ.ಶ. 2000ದ ಲೋಕವನ್ನು ವರ್ಣಿಸಿದನು. ಆಗ ಹೊಲಗದ್ದೆಗಳು ಇರುವುದಿಲ್ಲ, ಭೂಮಿಯೆಲ್ಲ ಉದ್ಯಾನವನವಾಗುತ್ತದೆ. ಪ್ರತಿಯೊಬ್ಬನೂ ಸಾರಜನಕದ ಒಂದು ಪುಟ್ಟ ಬಿಲ್ಲೆ, ಕೊಬ್ಬಿನ ಒಂದು ಉಂಡೆ, ಪಿಷ್ಟದ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ ಎಂದನು. ಒಳ್ಳೆಯ ಭೋಜನ ಮುಗಿಸಿ ಈ ಮಾತು ಆಡಿದನೆಂಬುದು ಒಂದು ತಮಾಷೆ. ಲೂನಿನ್‌ನ ಇಲಿಗಳು ಸತ್ತು ಆಗಲೇ ಹದಿಮೂರು ವರ್ಷವಾಗಿತ್ತು ಎಂಬುದು ತಮಾಷೆಯಲ್ಲ. ಆದರೆ ನನ್ನ ಗಮನ ಸೆಳೆದದ್ದು ಆ ಪಟ್ಟಿಯ ಕೊನೆಯ ವಸ್ತು. ಪ್ರತಿಯೊಬ್ಬನ ಬಳಿಯೂ ಅವನವನ ರುಚಿಗೆ ಒಪ್ಪುವಂತೆ ಹದಮಾಡಿದ ಸಾಂಬಾರ ಪದಾರ್ಥಗಳ ಒಂದು ಸಣ್ಣ ಸೀಸೆ ಇರುತ್ತದೆಯಂತೆ! ಹೊಲ ಹೋಯಿತು, ಹಸು ಹೋಯಿತು, ಒಲೆ ಹೋಯಿತು. ಒಗ್ಗರಣೆ ಡಬ್ಬಿ ಮಾತ್ರ ಉಳಿಯಿತು. ಕಾರ್ಖಾನೆಯಿಂದ ಎಲ್ಲವನ್ನೂ ತರಿಸಿಕೊಳ್ಳಲು ಸಿದ್ಧನಾದವನೂ 'ನನ್ನ ರುಚಿ' ಎಂಬುದೊಂದನ್ನು ಕಾರ್ಖಾನೆಯ ಸರಾಸರಿಗೆ ಬಿಟ್ಟುಕೊಡಲಿಲ್ಲ.

ಈ ಕನಸನ್ನು ಗೇಲಿ ಮಾಡಿ ಮುಗಿಸುವುದು ನನ್ನ ಉದ್ದೇಶವಲ್ಲ. ಅದರ ಇನ್ನೊಂದು ಮಗ್ಗುಲನ್ನು ಹೆಂಗಸರು ಬರೆದರು. ಅಮೆರಿಕದ ಮೇರಿ ಬ್ರ್ಯಾಡ್ಲಿ ಲೇನ್ 1880–81ರಲ್ಲಿ ಬರೆದ 'ಮಿಜೋರಾ' ಎಂಬ ಕಥೆಯಲ್ಲಿ ಹೆಂಗಸರೇ ಆಳುವ ದೇಶದಲ್ಲಿ ಆಹಾರ ರಸಾಯನಶಾಲೆಯಲ್ಲಿ ತಯಾರಾಗುತ್ತದೆ. 1893ರಲ್ಲಿ ಕ್ಯಾನ್ಸಾಸ್ ಪ್ರಾಂತದ ರೈತ ಚಳವಳಿಯ ನಾಯಕಿ ಮೇರಿ ಲೀಸ್, ನೂರು ವರ್ಷದ ನಂತರ ಊಟವೆಲ್ಲ ಒಂದು ಸಣ್ಣ ಸೀಸೆಯಲ್ಲಿ ಅಡಗುತ್ತದೆ, ಅಡುಗೆಯ ಸಮಸ್ಯೆ ತೀರುತ್ತದೆ ಎಂದು ಪತ್ರಿಕೆಗಳಿಗೆ ಬರೆದಳು. ಅವರು ರುಚಿಗೆಟ್ಟವರಲ್ಲ. ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ಕುಳಿತವರಿಗೆ ಮಾತ್ರ ಗೊತ್ತಿರುವ ಒಂದು ಸತ್ಯ ಅವರಿಗೆ ಗೊತ್ತಿತ್ತು. 'ಅಮ್ಮನ ಕೈರುಚಿ' ಎಂದು ಕಣ್ಣು ಮುಚ್ಚಿ ಚಪ್ಪರಿಸುವ ನಾವು, ಆ ಕೈ ಬೆಳಗಿನ ಜಾವ ನಾಲ್ಕಕ್ಕೆ ಒರಳುಕಲ್ಲಿನ ಗುಂಡನ್ನು ತಿರುಗಿಸುತ್ತಿದ್ದುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ತಾಯಿಯ ಅಂಗೈಯಲ್ಲಿ ಗುಂಡುಕಲ್ಲಿನ ಗುರುತು ಅವರ ಕೊನೆಯ ದಿನಗಳವರೆಗೂ ಇತ್ತು. ಹಸಿ ಸೌದೆ ಹೊತ್ತಿಸಲು ಊದುಗೊಳವೆ ಊದಿ ಊದಿ ಅವರ ಕಣ್ಣು ಸದಾ ಕೆಂಪಗಿರುತ್ತಿತ್ತು. ಮನೆಯ ಅಡುಗೆಯನ್ನು ಹೊಗಳುವ ಪ್ರಬಂಧಗಳನ್ನು ಬಹುಮಟ್ಟಿಗೆ ಉಣ್ಣುವವರು ಬರೆದಿದ್ದಾರೆ, ಅಡುವವರಲ್ಲ. ನಾನೂ ಉಣ್ಣುವವನೇ ಆದ್ದರಿಂದ ಈ ಮಾತನ್ನು ಓದುಗರು ನನಗೂ ಅನ್ವಯಿಸಿಕೊಳ್ಳಬಹುದು.

ನಮ್ಮ ದೇಶದವಳೇ ಆದ ಒಬ್ಬ ಲೇಖಕಿ ಈ ಗಂಟನ್ನು ಬಿಡಿಸಿದ ರೀತಿ ನನಗೆ ಬಹಳ ಮೆಚ್ಚಿಗೆ. ಬಂಗಾಳದ ರೋಕಿಯಾ ಸಖಾವತ್ ಹುಸೇನ್ 1905ರಲ್ಲಿ ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ 'ಸುಲ್ತಾನಾಳ ಕನಸು' ಎಂಬ ಇಂಗ್ಲಿಷ್ ಕಥೆಯನ್ನು ಪ್ರಕಟಿಸಿದಳು. ಹೆಂಗಸರು ಆಳುವ, ಗಂಡಸರು ಜನಾನಾದೊಳಗಿರುವ ನಾಡು ಅದು. ಅಲ್ಲಿಯ ಅಡುಗೆಮನೆ ತರಕಾರಿ ತೋಟದ ನಡುವೆ ಇದೆ. ಇದ್ದಲಿಲ್ಲ, ಹೊಗೆಯಿಲ್ಲ, ಹಿಡಿದಿಟ್ಟ ಬಿಸಿಲಿನ ಶಾಖದಿಂದ ಅಡುಗೆಯಾಗುತ್ತದೆ. ಗಮನಿಸಿ: ಅವಳು ಹೊಗೆಯನ್ನು ತೆಗೆದುಹಾಕಿದಳು, ತರಕಾರಿಯನ್ನು ತೆಗೆದುಹಾಕಲಿಲ್ಲ. ದುಡಿಮೆಯನ್ನು ಗಂಡಸರಿಗೆ ದಾಟಿಸಿದಳು, ಅಡುಗೆಯನ್ನು ಸೀಸೆಗೆ ಇಳಿಸಲಿಲ್ಲ. ಬರ್ತೆಲೋನ ಬಿಲ್ಲೆಗಿಂತ ಇದು ಎಷ್ಟೋ ಪಾಲು ವಿವೇಕದ ಯಂತ್ರ.

ಮುಂದೆ ಕಥೆಗಾರರಿಗೆ ಯಂತ್ರದ ಊಟದ ಬಗ್ಗೆ ಅನುಮಾನ ಹುಟ್ಟಿತು. ಇಂಗ್ಲೆಂಡಿನ ಫಾರ್ಸ್ಟರ್ 1909ರಲ್ಲಿ ಬರೆದ ಕಥೆಯಲ್ಲಿ ಮನುಷ್ಯರು ನೆಲದಡಿಯ ಗೂಡುಗಳಲ್ಲಿ ಒಬ್ಬೊಬ್ಬರೇ ವಾಸಿಸುತ್ತಾರೆ. ಗುಂಡಿ ಒತ್ತಿದರೆ ಊಟ, ಗುಂಡಿ ಒತ್ತಿದರೆ ಸಂಗೀತ. ಯಂತ್ರ ಕೆಡತೊಡಗಿದಾಗ ಕೃತಕ ಹಣ್ಣಿನ ಮೇಲೆ ಬೂಷ್ಟು ಹಿಡಿಯುತ್ತದೆ. ಮೊದಲು ಗೊಣಗುತ್ತಾರೆ, ಆಮೇಲೆ ಅದಕ್ಕೇ ಒಗ್ಗಿಹೋಗುತ್ತಾರೆ. ಇದು ನನಗೆ ಭಯ ಹುಟ್ಟಿಸಿದ ಭಾಗ. ಯಂತ್ರವು ಮನೆಯ ಅಡುಗೆಗೆ ಸಮವಾಗಲು ಎರಡು ದಾರಿಗಳಿವೆಯಲ್ಲವೇ? ಯಂತ್ರ ಮೇಲಕ್ಕೆ ಬರಬಹುದು. ಇಲ್ಲವೇ ನಮ್ಮ ನಾಲಗೆ ಕೆಳಕ್ಕೆ ಇಳಿಯಬಹುದು. ಆಮೇಲಿನ ಕಥೆಗಳನ್ನು ಬೇಗ ದಾಟಿಬಿಡುತ್ತೇನೆ. ಹ್ಯಾರಿ ಹ್ಯಾರಿಸನ್ 1966ರ ಕಾದಂಬರಿಯಲ್ಲಿ ಸೋಯಾ ಮತ್ತು ಬೇಳೆಯಿಂದ 'ಸೊಯ್ಲೆಂಟ್' ಎಂಬ ಆಹಾರವನ್ನು ಕಲ್ಪಿಸಿದನು. 1973ರ ಚಲನಚಿತ್ರ ಅದನ್ನು ಘೋರವಾಗಿ ತಿರುಚಿತು. 2013ರಲ್ಲಿ ಅಮೆರಿಕದ ಒಬ್ಬ ತರುಣ ತಂತ್ರಜ್ಞ ಊಟಕ್ಕೆ ಬದಲಾಗಿ ಕುಡಿಯುವ ಪುಡಿಯೊಂದನ್ನು ಮಾಡಿ, ಬೇರೆ ಹೆಸರೇ ಸಿಗಲಿಲ್ಲವೇನೋ ಎಂಬಂತೆ, ಆ ಹೆಸರನ್ನೇ ಇಟ್ಟನು. ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸದ ಒಂದು ತುಂಡನ್ನು ಎಲ್ಲರೆದುರು ಬೇಯಿಸಿ ತಿಂದರು. ಮಾಂಸಕ್ಕೆ ಹತ್ತಿರವಾಗಿದೆ, ಆದರೆ ಕೊಬ್ಬಿಲ್ಲ, ರಸ ಸಾಲದು ಎಂದು ರುಚಿ ನೋಡಿದವರು ಹೇಳಿದರು.

ಎರಡು ಕಥೆಗಳ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಡಗ್ಲಸ್ ಆಡಮ್ಸ್ 1978ರಲ್ಲಿ ಬಾನುಲಿಗೆ ಬರೆದು, ಮರುವರ್ಷ ಕಾದಂಬರಿಯಾಗಿಸಿದ ವಿಡಂಬನೆಯಲ್ಲಿ ಒಂದು ಪಾನೀಯ ಯಂತ್ರ ಬರುತ್ತದೆ. ಅದು ಕುಡಿಯುವವನ ನಾಲಗೆಯ ಮೊಗ್ಗುಗಳನ್ನೂ ಮಿದುಳಿನ ರುಚಿಕೇಂದ್ರವನ್ನೂ ಕೂಲಂಕಷವಾಗಿ ಪರೀಕ್ಷಿಸಿ, ಎಲ್ಲರಿಗೂ ಒಂದೇ ದ್ರವವನ್ನು ಕೊಡುತ್ತದೆ. ಚಹಾ ಕೇಳಿದವನಿಗೆ ಬರುವುದು ಚಹಾವನ್ನು ಸ್ವಲ್ಪವೂ ಹೋಲದ ಏನೋ ಒಂದು. ಕಾದಂಬರಿಯ ಎರಡನೆಯ ಭಾಗದಲ್ಲಿ ನಾಯಕನು ಯಂತ್ರಕ್ಕೆ ಚಹಾದ ಚರಿತ್ರೆಯನ್ನೆಲ್ಲ ವಿವರಿಸುತ್ತಾನೆ. ಅದನ್ನು ನಿಜವಾಗಿ ಮಾಡಲು ಹೊರಟ ಯಂತ್ರವು ಇಡೀ ಆಕಾಶನೌಕೆಯ ಗಣಕದ ಶಕ್ತಿಯನ್ನು ಅದಕ್ಕೇ ಎಳೆದುಕೊಳ್ಳುತ್ತದೆ; ಶತ್ರುಗಳು ಮೇಲೆರಗಿದಾಗ ನೌಕೆಯನ್ನು ಕಾಪಾಡಲು ಗಣಕಕ್ಕೆ ಪುರುಸೊತ್ತಿಲ್ಲ! ನಗುನಗುತ್ತಲೇ ಆಡಮ್ಸ್ ಹೇಳಿದ್ದು ದೊಡ್ಡ ಮಾತು. ಒಬ್ಬನಿಗಾಗಿ ಒಂದು ಲೋಟ ಸರಿಯಾದ ಚಹಾ ಮಾಡುವುದಕ್ಕೆ ಬೇಕಾದ ಗಮನ ಸಾಮಾನ್ಯವಾದುದಲ್ಲ.

ಇನ್ನೊಂದು, 'ಸ್ಟಾರ್ ಟ್ರೆಕ್' ಧಾರಾವಾಹಿಯದು. ಮೊದಲಿಗೆ ಹೇಳಿದ ಗೋಡೆಯ ಗೂಡು ಜಗತ್ಪ್ರಸಿದ್ಧವಾದದ್ದು 1987ರಲ್ಲಿ ಆರಂಭವಾದ ಅದರ ಹೊಸ ಸರಣಿಯಿಂದ. 1991ರ ಒಂದು ಕಂತಿನಲ್ಲಿ ಹೊಸದಾಗಿ ಮದುವೆಯಾದ ದಂಪತಿಗಳು ಉಪಾಹಾರಕ್ಕೆ ಕೂರುತ್ತಾರೆ. ಗಂಡ ಐರಿಷ್ ಮನೆತನದವನು, ಹೆಂಡತಿ ಜಪಾನೀ ಮೂಲದವಳು. ತನ್ನ ತಾಯಿಗೆ ಆ ಯಂತ್ರದಲ್ಲಿ ನಂಬಿಕೆಯಿರಲಿಲ್ಲ, ನಿಜವಾದ ಮಾಂಸವನ್ನೇ ಬೇಯಿಸುತ್ತಿದ್ದಳು ಎಂದು ಗಂಡ ಹೇಳಿದಾಗ ಹೆಂಡತಿ ಬೆಚ್ಚಿಬೀಳುತ್ತಾಳೆ: ಅತ್ತೆ ಅದನ್ನು ಕೈಯಿಂದ ಮುಟ್ಟಿ ಕತ್ತರಿಸುತ್ತಿದ್ದಳೇ ಎಂದು. ಅತ್ತೆಯ ಅಡುಗೆ, ಸೊಸೆಯ ಅಡುಗೆ ಎಂಬ ಜಗಳ ಇಪ್ಪತ್ತನಾಲ್ಕನೆಯ ಶತಮಾನಕ್ಕೂ ತಪ್ಪಿದ್ದಲ್ಲವೆಂದು ನಗು ಬಂದಿತು. ಜೊತೆಗೆ, ಮುಂದಿನ ಪೀಳಿಗೆಗೆ 'ಕೈಯಡುಗೆ' ಎಂಬ ಮಾತು ಹೊಗಳಿಕೆಯಾಗಿ ಉಳಿಯದೆ ಅಸಹ್ಯವಾಗಿಯೂ ಕೇಳಿಸಬಹುದು ಎಂಬುದು ಹೊಳೆಯಿತು.

ಇರಲಿ, ಮೈಸೂರಿಗೆ ಬರೋಣ. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಮೈಸೂರಿನವರ ಬಾಯಲ್ಲಿ 'ಸಿಎಫ್‌ಟಿಆರ್‌ಐ', ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ದೇಶ ಎಂಥ ಸ್ಥಿತಿಯಲ್ಲಿತ್ತು ಎಂಬುದನ್ನು ಇಂದಿನ ಓದುಗರು ನೆನೆಯಬೇಕು. ಬಂಗಾಳದ 1943ರ ಕ್ಷಾಮ ಇನ್ನೂ ಹಸಿಯಾಗಿತ್ತು. ಅಕ್ಕಿ ಪಡಿತರದಲ್ಲಿ ಅಳತೆಯಿಂದ ಸಿಗುತ್ತಿತ್ತು. ಹೊರದೇಶದ ಹಡಗುಗಳನ್ನು ಕಾಯಬೇಕಾಗಿತ್ತು. ಆಗ ಈ ಸಂಸ್ಥೆಯ ವಿಜ್ಞಾನಿಗಳು ಮರಗೆಣಸಿನ ಹಿಟ್ಟು, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಂತಾದುವನ್ನು ಕಲೆಸಿ, ಯಂತ್ರದಿಂದ ಒತ್ತಿ, ಅಕ್ಕಿಯ ಕಾಳಿನ ಆಕಾರಕ್ಕೆ ತಂದು ಒಣಗಿಸಿದರು. ಅದಕ್ಕೆ ಕೃತಕ ಅಕ್ಕಿಯೆಂದೇ ಹೆಸರಾಯಿತು. ಸಾರಜನಕದ ಲೆಕ್ಕದಲ್ಲಿ ನಿಜವಾದ ಅಕ್ಕಿಗೆ ಬಿಟ್ಟುಕೊಡುವಂಥದಲ್ಲ. ಮರಗೆಣಸು ಬಡಭೂಮಿಯಲ್ಲಿ ಬೆಳೆಯುವುದು, ಕಡಲೆಕಾಯಿ ಹಿಂಡಿ ಎಣ್ಣೆಗಾಣದಲ್ಲಿ ಮಿಗುವುದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಉಂಟೇ?

ಆದರೂ ಆ ಅಕ್ಕಿ ನಮ್ಮ ಮನೆಗಳ ಪಾತ್ರೆಗೆ ಇಳಿಯಲಿಲ್ಲ. ಏಕೆಂಬುದಕ್ಕೆ ಅರ್ಥಶಾಸ್ತ್ರಜ್ಞರು ಬೆಲೆಯ ಕಾರಣ ಕೊಟ್ಟಾರು, ಆಡಳಿತಗಾರರು ವಿತರಣೆಯ ಕಾರಣ ಕೊಟ್ಟಾರು. ನನ್ನ ಊಹೆ ಅಡುಗೆಮನೆಯದು. ಅಕ್ಕಿಯೆಂದರೆ ನಮ್ಮ ಹೆಂಗಸರಿಗೆ ಬೆಳ್ಳಗಿನ ಕಾಳು ಮಾತ್ರವಲ್ಲ. ಅದರಿಂದ ಗಂಜಿ ಬಸಿಯಬೇಕು, ಗಂಜಿ ಮಗುವಿಗೂ ರೋಗಿಗೂ ಆಗಬೇಕು. ರಾತ್ರಿ ಉಳಿದದ್ದು ಬೆಳಿಗ್ಗೆ ತಂಗಳನ್ನವಾಗಬೇಕು, ಚಿತ್ರಾನ್ನವಾಗಬೇಕು. ನೆನೆಸಿ ರುಬ್ಬಿದರೆ ಹುದುಗಬೇಕು. ಕುಟ್ಟಿದರೆ ಹಿಟ್ಟಾಗಿ ಬಾಗಿಲ ಮುಂದೆ ರಂಗೋಲಿಯಾಗಬೇಕು. ಅರಿಸಿನ ಕೂಡಿಸಿದರೆ ಮದುಮಕ್ಕಳ ತಲೆಯ ಮೇಲೆ ಅಕ್ಷತೆಯಾಗಬೇಕು. ಹಳೆಯ ಅಕ್ಕಿಗೆ ಒಂದು ನೀರಿನ ಅಳತೆ, ಹೊಸ ಅಕ್ಕಿಗೆ ಒಂದು ಅಳತೆ. ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿದರೆ ಬೆರಳಿಗೆ ಗೊತ್ತಾಗಬೇಕು. ಯಂತ್ರ ಒತ್ತಿದ ಕಾಳಿಗೆ ಅಕ್ಕಿಯ ಆಕಾರ ಬಂದಿತ್ತು, ಪುಷ್ಟಿಯೂ ಬಂದಿತ್ತು. ಅಕ್ಕಿ ಮಾಡುವ ಉಳಿದ ಕೆಲಸಗಳ ಪಟ್ಟಿಯನ್ನು ಯಾರೂ ಬರೆದು ಕೊಟ್ಟಿರಲಿಲ್ಲ.

ಇದೇ ಸಂಸ್ಥೆಯವರು ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದರು. ಗುಜರಾತಿನ ಅಮುಲ್ ಅದನ್ನು ತಯಾರಿಸಿ ದೇಶದ ತುಂಬ ಹಬ್ಬಿಸಿತು. ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಸೇರಿಸಿದ ಪೌಷ್ಟಿಕ ಪುಡಿ ಮಾಡಿದರು. ಇಡ್ಲಿ, ದೋಸೆ, ಚಪಾತಿಗಳನ್ನು ತಾನೇ ಮಾಡುವ ಯಂತ್ರಗಳನ್ನೂ ರೂಪಿಸಿದರು. ಅವು ಸಾವಿರಾರು ಜನ ಒಟ್ಟಿಗೆ ಉಣ್ಣುವ ಕಡೆಗಳಿಗೆ ವರದಾನ. ಗೆದ್ದವುಗಳನ್ನು ನೋಡಿದರೆ, ಇದ್ದ ಅಡುಗೆಯ ಶ್ರಮವನ್ನು ಹಂಚಿಕೊಂಡ ಯಂತ್ರಗಳೇ ಹೆಚ್ಚು. ಪದಾರ್ಥದ ವೇಷ ಹಾಕಿದವು ಕಡಿಮೆ. ಕೊಯಮತ್ತೂರಿನಿಂದ ರುಬ್ಬುವ ಯಂತ್ರ ಬಂದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು 'ಇಡ್ಲಿಯ ಜೀವ ಹೋಯಿತು' ಎಂದು ವರ್ಷವಿಡೀ ಹೇಳಿದರು. ಆಮೇಲೆ ಅವರ ಮನೆಗೂ ಅದು ಬಂದಿತು, ಮಾತು ನಿಂತಿತು. ಇಂದು ಆ ಇಡ್ಲಿಯನ್ನು ಮನೆಯ ಇಡ್ಲಿಯಲ್ಲವೆನ್ನುವವರು ಯಾರೂ ಇಲ್ಲ.

ಈ ಭೇದವನ್ನು ಎಲ್ಲರಿಗಿಂತ ಮೊದಲು ಕಂಡವನು ವನಪರ್ವದ ಕವಿ ಎಂದು ನನಗೆ ಅನೇಕ ಸಲ ಅನಿಸಿದೆ. ಬೃಹದಶ್ವ ಮುನಿ ಧರ್ಮರಾಯನಿಗೆ ಹೇಳುವ, ಕನಕದಾಸರು 'ನಳಚರಿತ್ರೆ'ಯಾಗಿ ಕನ್ನಡಿಸಿದ, ನಳನ ಕಥೆಯನ್ನು ನೆನೆಯಿರಿ. ರಾಜ್ಯ ಕಳೆದುಕೊಂಡು ರೂಪವೂ ಕೆಟ್ಟು, ಋತುಪರ್ಣನ ಸಾರಥಿ ಬಾಹುಕನಾಗಿ ನಳನು ವಿದರ್ಭಕ್ಕೆ ಬರುತ್ತಾನೆ. ದಮಯಂತಿಗೆ ಸಂಶಯ. ದಾಸಿ ಕೇಶಿನಿಯನ್ನು ಕಳಿಸುತ್ತಾಳೆ. ಕೇಶಿನಿ ಕಂಡದ್ದು ಅಪ್ಪಟ ವಿಜ್ಞಾನ ಕಥೆಯ ಅಡುಗೆಮನೆಯನ್ನು! ಬಾಹುಕ ನೋಡಿದರೆ ಬರಿಯ ಕೊಡಗಳು ನೀರಿನಿಂದ ತುಂಬುತ್ತವೆ; ಹಿಡಿ ಹುಲ್ಲು ತಾನೇ ಹೊತ್ತಿಕೊಳ್ಳುತ್ತದೆ. ಸ್ವಯಂವರದಲ್ಲಿ ವರುಣ, ಅಗ್ನಿಯರು ಕೊಟ್ಟ ವರಗಳು ಅವು. ಇಷ್ಟು ಕೇಳಿದ ಮೇಲೂ ದಮಯಂತಿ ನಿಶ್ಚಯಕ್ಕೆ ಬರುವುದಿಲ್ಲ. ಅವನು ಬೇಯಿಸಿದ ಮಾಂಸವನ್ನು ಸ್ವಲ್ಪ ತಾ ಎನ್ನುತ್ತಾಳೆ. ಬಾಯಿಗಿಟ್ಟು ನೋಡುತ್ತಾಳೆ. ಹಿಂದೆ ಎಷ್ಟೋ ಸಲ ಉಂಡ ರುಚಿ. ಇವನು ನಳನೇ ಎಂದು ತಿಳಿಯುತ್ತಾಳೆ. ನೀರು, ಬೆಂಕಿಗಳ ದುಡಿಮೆಯನ್ನು ವರವೆಂಬ ಯಂತ್ರ ಮಾಡಿತ್ತು, ಅದರಿಂದ ಅಡುಗೆ ಅವನದಲ್ಲದೆ ಹೋಗಲಿಲ್ಲ. ಅನ್ನರಸದ ವರವನ್ನು ಕೊಟ್ಟವನು ಯಮನೆಂಬುದನ್ನೂ ಗಮನಿಸಬೇಕು. ಯಮನೇ ಏಕೆ ಎಂಬ ಪ್ರಶ್ನೆಗೆ ತರಗತಿಯಲ್ಲಿ ಒಬ್ಬ ಹುಡುಗ, 'ಹಸಿವಿನ ವಿಷಯ ಅವನಿಗಿಂತ ಯಾರಿಗೆ ಗೊತ್ತು ಸಾರ್' ಎಂದಿದ್ದನು. ಅದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಓದಿಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಬೇಕು. ಕಥೆಯ ಯಂತ್ರವು ನನ್ನ ತಾಯಿ ಮಾಡಿದ ಸಾರನ್ನು ಅಣು ಅಣುವಾಗಿ ಅಳೆದು ನಕಲು ಮಾಡಬಲ್ಲುದಾದರೆ, ನನ್ನ ನಾಲಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುತ್ತದೆ ಎನ್ನುವುದು ಬರಿಯ ಭಾವುಕತೆ. ಆದರೆ ಅದು ಯಾವ ದಿನದ ಸಾರು? ಯುಗಾದಿಯ ಮರುದಿನದ್ದೇ, ನನಗೆ ಜ್ವರ ಬಂದಾಗ ಮೆಣಸು ಹೆಚ್ಚಿಗೆ ಹಾಕಿ ಮಾಡಿದ್ದೇ, ತಿಂಗಳ ಕೊನೆಯಲ್ಲಿ ಬೇಳೆ ಮುಗಿದು ತಿಳಿಯಾಗಿದ್ದುದೇ? ಯಂತ್ರದ ಬಳಿ ಇರುವುದು ಒಂದು ದಿನದ ಭಾವಚಿತ್ರ. ಮನೆಯ ಸಾರು ನಿನ್ನೆ ಒಂದು ಬಗೆ, ಇಂದು ಒಂದು ಬಗೆ. ಉಣ್ಣುವವನ ಮುಖ ನೋಡಿ ಅದು ಬದಲಾಗುತ್ತದೆ. ದಮಯಂತಿ ಗುರುತಿಸಿದ್ದು ಪಾಕವಿಧಾನವನ್ನಾಗಿದ್ದರೆ ವಿದರ್ಭದ ಯಾವ ಬಾಣಸಿಗನನ್ನಾದರೂ ನಳನೆಂದು ಭ್ರಮಿಸಬಹುದಿತ್ತು.

ಉಣ್ಣುವವನ ಮುಖ ನೋಡುವುದು ಮನೆಯೊಳಗೆ ಮಾತ್ರ ಸಾಧ್ಯವೆಂದೂ ನಾನು ಹೇಳಲಾರೆ. ನಮ್ಮ ರಾಜ್ಯದಲ್ಲಿ 2002ರಲ್ಲಿ 'ಅಕ್ಷರ ದಾಸೋಹ'ದ ಬಿಸಿಯೂಟ ಆರಂಭವಾಯಿತು. ದೊಡ್ಡ ಊರುಗಳಲ್ಲಿ ಯಂತ್ರದ ಅಡುಗೆಮನೆಗಳಿಂದ ಊಟ ವ್ಯಾನಿನಲ್ಲಿ ಬರುವುದುಂಟು. ಅದು ಶುಚಿಯಾಗಿ, ವೇಳೆಗೆ ಸರಿಯಾಗಿ ಬರುತ್ತದೆ. ನಾನಿದ್ದ ಹಳ್ಳಿಯ ಕಡೆ ಶಾಲೆಯ ಆವರಣದಲ್ಲೇ ಅಡುಗೆಯಾಗುತ್ತಿತ್ತು. ಅಡುಗೆಯಾಕೆ ಓದಿದವರಲ್ಲ. ಹಾಜರಿ ಪುಸ್ತಕ ಹಿಡಿದ ನನಗೆ ತಿಳಿಯದ ಎಷ್ಟೋ ಸಂಗತಿ ಅವರ ಸೌಟಿಗೆ ತಿಳಿದಿತ್ತು. ಒಬ್ಬ ಹುಡುಗಿಗೆ ದಿನವೂ ಒಂದು ಸೌಟು ಹೆಚ್ಚು ಬಡಿಸುತ್ತಿದ್ದರು. ಏಕೆಂದು ಕೇಳಿದೆ. 'ರಾತ್ರಿ ಅವಳ ಮನೇಲಿ ಒಲೆ ಹಚ್ಚೋರಿಲ್ಲ ಮೇಷ್ಟ್ರೇ, ತಾಯಿ ಆಸ್ಪತ್ರೇಲವ್ಳೆ' ಎಂದರು. ಎರಡು ವಾರದಿಂದ ಆ ಹುಡುಗಿ ನನ್ನ ತರಗತಿಯ ಎರಡನೆಯ ಸಾಲಿನಲ್ಲೇ ಕೂರುತ್ತಿದ್ದಳು. ಅಂದಿನ ಹುಳಿಗೆ ಉಪ್ಪು ತುಸು ಮುಂದಾಗಿತ್ತೆಂದೂ ನೆನಪಿದೆ.

ಮನುಷ್ಯ ನಿಜವಾಗಿಯೂ ಆಕಾಶಕ್ಕೆ ಹೋದಾಗ ಏನಾಯಿತು? ಕಥೆಗಾರರು ಹೇಳಿದಂತೆಯೇ ಆರಂಭವಾಯಿತು. 1961ರಲ್ಲಿ ರಷ್ಯನ್ನರು ಕೊಳವೆಯಿಂದ ಹಿಂಡಿಕೊಂಡು ತಿಂದರು. 1962ರಲ್ಲಿ ಅಮೆರಿಕದ ಗ್ಲೆನ್ ಸೇಬಿನ ಗೊಜ್ಜನ್ನು ಹಾಗೆಯೇ ತಿಂದನು. ಆಮೇಲೆ ಪುಡಿ ಉದುರದಂತೆ ಲೋಳೆ ಸವರಿದ, ಒಂದೇ ತುತ್ತಿನ ಘನಾಕೃತಿಗಳು ಬಂದವು. 1965ರ ಮಾರ್ಚಿನಲ್ಲಿ ಜಾನ್ ಯಂಗ್ ಎಂಬ ಯಾತ್ರಿ, ಐದು ಗಂಟೆಯೂ ತುಂಬದ ಹಾರಾಟಕ್ಕೆ, ಅಂಗಡಿಯಿಂದ ತಂದ ಮಾಂಸದ ಸ್ಯಾಂಡ್‌ವಿಚ್ಚನ್ನು ಜೇಬಿನಲ್ಲಿ ಕದ್ದೊಯ್ದನು. ಅದರ ಪುಡಿ ಹಾರಾಡಿದ್ದು ಅಮೆರಿಕದ ಸಂಸತ್ತಿನ ಸಮಿತಿಯವರೆಗೆ ದೂರಾಗಿ ಹೋಯಿತು. ಐದು ಗಂಟೆ ತಡೆಯಲಾರದೆ ಹೋದನೇ ಎಂದು ನಾವು ನಗಬಹುದು. ಅವನು ಕದ್ದೊಯ್ದದ್ದು ಹಸಿವಿಗಲ್ಲ ಎಂಬುದು ಮಾತ್ರ ಸ್ಪಷ್ಟ. 1968ರ ಕ್ರಿಸ್‌ಮಸ್‌ಗೆ ಚಂದ್ರನ ಸುತ್ತ ಹೋದ ಅಪೊಲೊ 8ರ ಯಾತ್ರಿಗಳಿಗೆ ಗೊಜ್ಜಿನ ಸಮೇತ ಕೋಳಿಜಾತಿಯ ಹಕ್ಕಿಯ ಮಾಂಸ ಬಂದಿತು, ಚಮಚದಿಂದ ಉಂಡರು. 1985ರಲ್ಲಿ ಮೆಕ್ಸಿಕೋದ ನೇರಿ ವೇಲಾ ತನ್ನ ನಾಡಿನ ರೊಟ್ಟಿಯನ್ನು ಕೇ‍ಳಿ ಒಯ್ದನು. ಅದು ಪುಡಿಯಾಗದು, ಸುತ್ತಿ ತಿನ್ನಬಹುದು. ಅಂದಿನಿಂದ ಬ್ರೆಡ್ಡಿನ ಜಾಗವನ್ನು ರೊಟ್ಟಿಯೇ ಹಿಡಿಯಿತು. ಅರವತ್ತು ವರ್ಷದಲ್ಲಿ ಆಕಾಶದ ಊಟ ಬಿಲ್ಲೆಯ ಕಡೆಗೆ ನಡೆಯಲಿಲ್ಲ, ಬಿಲ್ಲೆಯಿಂದ ದೂರ ನಡೆಯಿತು.

ಇದರಲ್ಲಿಯೂ ಮೈಸೂರಿನ ಪಾಲಿದೆ. 1961ರಲ್ಲಿ ಅಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಗಡಿಯ ಹಿಮದಲ್ಲಿ ನಿಂತ ಸೈನಿಕರಿಗೆ ಕೆಡದ ಊಟವನ್ನು ಮಾಡುತ್ತಿದೆ. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದಾಗ ಈ ಪ್ರಯೋಗಾಲಯದ ಊಟ ಜೊತೆಗೆ ಹೋಯಿತು; ಅದರಲ್ಲಿ ರವೆಯ ಹಲ್ವ, ಆಲೂ ಛೋಲೆ, ತರಕಾರಿ ಪಲಾವ್ ಇದ್ದವು. ನಲವತ್ತೊಂದು ವರ್ಷದ ಮೇಲೆ, 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ ಮತ್ತು ಮಾವಿನ ಹಣ್ಣಿನ ಸೀಕರಣೆಯನ್ನು ಒಯ್ದಿದ್ದರು. ಬೇರೆ ಬೇರೆ ದೇಶಗಳ ಸಹಯಾತ್ರಿಗಳಿಗೂ ಅದನ್ನು ಹಂಚಿ, ಎಲ್ಲರೂ ಒಟ್ಟಿಗೆ ತಿಂದರಂತೆ.